ಗೇಟು ನಿಂತೇ ಇತ್ತು, ಅಂಕಿ ಇಳಿಯುತ್ತಿತ್ತು

ಇಂಥ ಬರಹಗಳನ್ನು ಓದಿದಾಗಲೆಲ್ಲ ನಕ್ಕವಳು ನಾನು. ವಾರಪತ್ರಿಕೆಯಲ್ಲಿ ಯಾರಾದರೂ ತಮಗಾದ ವಿಚಿತ್ರ ಅನುಭವ ಬರೆದಿದ್ದರೆ, ಮೊದಲ ಪ್ಯಾರಾ ಮುಗಿಯುವ ಮೊದಲೇ ‘ರಾತ್ರಿ ಊಟ ಜಾಸ್ತಿಯಾಗಿರಬೇಕು’ ಎಂದು ಪುಟ ಮಗುಚುತ್ತಿದ್ದೆ. ನಮ್ಮದು ಮೂಡುಬಿದಿರೆಯ ಜೈನರ ಮನೆ. ಹೊತ್ತು ಮುಳುಗುವ ಮೊದಲು ಉಣ್ಣುವುದೊಂದನ್ನು ಬಿಟ್ಟರೆ ಮನೆಯ ಬೇರೆ ಯಾವ ನಂಬಿಕೆಯೂ ನನಗೆ ಅಂಟಲಿಲ್ಲ. ಅದನ್ನೂ ಹೊಟ್ಟೆಗೆ ಹಗುರ ಎಂಬ ಕಾರಣಕ್ಕೇ ಪಾಲಿಸುತ್ತೇನೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾನು ಯಾಕೆ ಹೆದರಿದೆ ಎಂಬುದು ನಿಮಗೆ ತಿಳಿಯುವುದಿಲ್ಲ. ಕಾರ್ಖಾನೆಗಳಲ್ಲಿ ಯಾವ ಮೋಟಾರು ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸಲು ಗೋಡೆಯ ಪ್ಯಾನೆಲಿನೊಳಗೆ ಒಂದು ಪುಟ್ಟ ಕಂಪ್ಯೂಟರು ಇರುತ್ತದೆ. ಅದಕ್ಕೆ ಪಿಎಲ್‌ಸಿ ಎನ್ನುತ್ತಾರೆ. ಅದಕ್ಕೆ ಪ್ರೋಗ್ರಾಂ ಬರೆದು ಕೊಡುವುದು ನನ್ನ ಹೊಟ್ಟೆಪಾಡು. ಬಂಟ್ವಾಳದ ಗೇರುಬೀಜದ ಕಾರ್ಖಾನೆಗಳು, ಕುಚ್ಚಲಕ್ಕಿ ಮಿಲ್ಲುಗಳು, ಕಲ್ಲಡ್ಕದ ಆಚೆಗೊಂದು ಐಸ್ ಫ್ಯಾಕ್ಟರಿ, ಹೀಗೆ ಇಪ್ಪತ್ತು ವರ್ಷಗಳಿಂದ ಚೀಲದಲ್ಲಿ ಲ್ಯಾಪ್‌ಟಾಪು, ಸ್ಕ್ರೂಡ್ರೈವರು ಹಾಕಿಕೊಂಡು ಅಲೆಯುತ್ತಿದ್ದೇನೆ. ಯಂತ್ರಗಳ ಮೇಲೆ ನನಗಿರುವ ನಂಬಿಕೆ ಮನುಷ್ಯರ ಮೇಲಿಲ್ಲ. ಯಂತ್ರ ತಪ್ಪು ಮಾಡಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಇದು ಎಂಟು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ಒಂದು ಶುಕ್ರವಾರ. ಇಂಥ ಕಥೆಗಳಿಗೆ ನಡುರಾತ್ರಿ ಬೇಕು, ನಾಯಿ ಊಳಿಡಬೇಕು. ನನ್ನದು ನಡೆದದ್ದು ಹಾಡುಹಗಲು ಹನ್ನೊಂದೂವರೆಗೆ, ತಲೆ ಬಿರಿಯುವ ಬಿಸಿಲಿನಲ್ಲಿ.

ಕಕ್ಕಿಂಜೆ ದಾಟಿ ಚಾರ್ಮಾಡಿಯ ಕಡೆಗೆ ಹೋಗುವಾಗ ಒಂದು ಮಣ್ಣುದಾರಿ ಹೊಳೆಗೆ ಇಳಿಯುತ್ತದೆ. ಅಲ್ಲಿ ಒಂದು ಖಾಸಗಿ ಕಿರು ವಿದ್ಯುತ್ ಘಟಕದ ಪುಟ್ಟ ಅಣೆಕಟ್ಟೆ ಇತ್ತು. ಹೆಸರು ಬೇಡ, ಮಾಲೀಕರೂ ಈಗ ಬೇರೆ. ಕಟ್ಟೆಗೆ ಒಂದು ಕಬ್ಬಿಣದ ಗೇಟು. ಮೇಲೊಂದು ಮೋಟಾರು, ಡ್ರಮ್ಮು, ಡ್ರಮ್ಮಿಗೆ ಸುತ್ತಿದ ಉಕ್ಕಿನ ಹಗ್ಗ. ಗೇಟು ಎಷ್ಟು ಎತ್ತರದಲ್ಲಿ ನಿಂತಿದೆ ಎಂಬುದನ್ನು ಅಲ್ಲಿಯವರೆಗೆ ಗೋಡೆಗೆ ಬಳಿದ ಬಣ್ಣದ ಪಟ್ಟಿ ನೋಡಿಯೇ ತಿಳಿಯಬೇಕಿತ್ತು. ಅದನ್ನು ದೂರದಿಂದಲೇ ಕಾಣುವಂತೆ ಮಾಡಲು ಅವರು ಅಬ್ಸೊಲ್ಯೂಟ್ ಎನ್‌ಕೋಡರ್ ಎಂಬ ಸಾಧನ ತರಿಸಿದ್ದರು. ಅದನ್ನು ಓದುವ ಮಾಡ್ಯೂಲನ್ನು ಪಿಎಲ್‌ಸಿಗೆ ಜೋಡಿಸಿ ಪ್ರೋಗ್ರಾಂ ಮಾಡುವುದು ನನ್ನ ಕೆಲಸ.

ಎನ್‌ಕೋಡರ್ ಎಂದರೆ ಕೈಮುಷ್ಟಿಯಷ್ಟು ದೊಡ್ಡ ಡಬ್ಬಿ, ಅದರಿಂದ ಹೊರಬಂದ ಒಂದು ಸಣ್ಣ ಶಾಫ್ಟು. ಡ್ರಮ್ಮು ತಿರುಗಿದಂತೆ ಈ ಶಾಫ್ಟು ತಿರುಗಿದರೆ ಗೇಟಿನ ಎತ್ತರ ಪರದೆಯ ಮೇಲೆ ಬರುತ್ತದೆ. ಸಾಮಾನ್ಯ ಎನ್‌ಕೋಡರ್ ಹೆಜ್ಜೆ ಎಣಿಸುತ್ತ ನಡೆಯುವವನ ಹಾಗೆ. ನಡುವೆ ಕರೆಂಟು ಹೋದರೆ ಅದರ ಲೆಕ್ಕ ತಪ್ಪುತ್ತದೆ. ಅಬ್ಸೊಲ್ಯೂಟ್ ಎನ್‌ಕೋಡರ್ ಹೆಜ್ಜೆ ಎಣಿಸುವುದಿಲ್ಲ, ದಾರಿಬದಿಯ ಮೈಲಿಗಲ್ಲು ಓದುತ್ತದೆ. ಯಾವಾಗ ಎಬ್ಬಿಸಿ ಕೇಳಿದರೂ ತಾನು ಎಲ್ಲಿದ್ದೇನೆ ಎಂದು ಸರಿಯಾಗಿ ಹೇಳುತ್ತದೆ. ಶಾಫ್ಟು ತಿರುಗದೆ ಅದರ ಅಂಕಿ ಬದಲಾಗುವಂತಿಲ್ಲ. ಈ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆ ಬೆಳಿಗ್ಗೆ ಕಕ್ಕಿಂಜೆಯ ಹೋಟೆಲಿನಲ್ಲಿ ನಾನು ಬನ್ಸ್ ತಿನ್ನುತ್ತಿದ್ದಾಗ ಪಕ್ಕದ ಮೇಜಿನಲ್ಲಿ ಮೂವರು ಲೈನ್‌ಮನ್‌ಗಳು ಕೆಸರು ಬೂಟಿನಲ್ಲಿ ಕುಳಿತಿದ್ದರು. ಹಿಂದಿನ ಸಂಜೆಯ ಗುಡುಗು ಮಳೆಗೆ ಕೊಂಬೆ ಬಿದ್ದು ಹೊಳೆಬದಿಯ ತಂತಿ ತುಂಡಾಗಿತ್ತಂತೆ. ರಾತ್ರಿಯೆಲ್ಲ ಕೆಲಸ ಮಾಡಿ ಈಗಷ್ಟೇ ಲೈನು ಕೊಟ್ಟು ಬಂದೆವು ಎಂದರು. “ನನ್ನ ಕೆಲಸ ಮುಗಿಯುವವರೆಗೆ ಇನ್ನು ಕರೆಂಟು ತೆಗೀಬೇಡಿ ಮಾರಾಯ್ರೆ” ಎಂದು ತಮಾಷೆ ಮಾಡಿ ಎದ್ದೆ. ಆ ಕ್ಷಣವೇ ನನಗೆ ಒಂದು ವಿಷಯ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಏನು ಎಂಬುದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ಅಣೆಕಟ್ಟೆಯಲ್ಲಿ ಇದ್ದವರು ಇಬ್ಬರು. ಒಬ್ಬರು ಮೋನಪ್ಪಣ್ಣ, ಗೇಟು ನೋಡಿಕೊಳ್ಳುವವರು, ಐವತ್ತು ದಾಟಿದ ಸಣಕಲು ಮನುಷ್ಯ. ನನ್ನನ್ನು ಮೇಡಂ ಎಂದು ಕರೆದ ಮೇಲೆ ತುಳುವಿನಲ್ಲಿ ಮಾತಾಡುವುದು ಮರ್ಯಾದೆಯಲ್ಲ ಎಂಬುದು ಅವರ ಲೆಕ್ಕ. ನಾನು ತುಳುವಿನಲ್ಲಿ ಕೇಳಿದರೂ ಶಾಲೆಯ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಇನ್ನೊಬ್ಬ ಹಮೀದ್, ಕಕ್ಕಿಂಜೆಯ ಫಿಟ್ಟರ್. ಮೂವತ್ತೈದರ ಆಸುಪಾಸಿನವನು, ಮೂರು ಮಕ್ಕಳ ತಂದೆ, ಮಾತಿನ ಮಲ್ಲ. ಗೇಟು ಬಂದು ಕೂರುವ ಜಾಗದ ಹಳೆಯ ರಬ್ಬರು ಕಿತ್ತು ಹೊಸದು ಹಾಕಲು ಬಂದಿದ್ದ. ಅದಕ್ಕೆ ಅವನು ಗೇಟಿನ ಕೆಳಗೇ ಮಲಗಿ ಕೆಲಸ ಮಾಡಬೇಕು.

ಅದಕ್ಕೂ ಹದಿನೈದು ವರ್ಷ ಮೊದಲು ಇದೇ ಗೇಟಿನ ಕೆಳಗೆ ಒಬ್ಬರು ಸತ್ತಿದ್ದರು. ಮೋನಪ್ಪಣ್ಣನ ತಂಗಿ ಗಿರಿಜಕ್ಕನ ಗಂಡ ಲಿಂಗಪ್ಪ, ಅವರೂ ಅಲ್ಲೇ ಕೆಲಸಕ್ಕಿದ್ದವರು. ಮೋಟಾರಿನ ಬ್ರೇಕು ಜಾರಿ ಗೇಟು ಬಿತ್ತು ಎಂದು ಆಫೀಸಿನವರು ನನಗೆ ಮೊದಲೇ ಹೇಳಿದ್ದರು. ಅಂದಿನಿಂದ ಮೋನಪ್ಪಣ್ಣ ಕೆಳಗೆ ಮನುಷ್ಯ ಇರುವಾಗ ಗೇಟಿನ ಗುಂಡಿ ಮುಟ್ಟುವುದಿಲ್ಲ, ಅದೊಂದು ಅವರ ವ್ರತ, ನೀವು ತಲೆಕೆಡಿಸಿಕೊಳ್ಳಬೇಡಿ ಎಂದೂ ಹೇಳಿದ್ದರು.

ಅಲ್ಲಿ ಒಂದು ಪದ್ಧತಿ ಇತ್ತು. ಗೇಟಿನ ಕೆಳಗೆ ಇಳಿಯುವವನು ತನ್ನ ಹೆಗಲ ಬೈರಾಸನ್ನು ಪ್ಯಾನೆಲಿನಲ್ಲಿ ಆರಿಸಿದ ಮೋಟಾರಿನ ಸ್ವಿಚ್ಚಿನ ಹಿಡಿಗೆ ಕಟ್ಟಿ ಹೋಗಬೇಕು. ಕೆಲಸ ಮುಗಿಸಿ ಹತ್ತಿ ಬಂದು ತಾನೇ ಅದನ್ನು ಬಿಚ್ಚುವವರೆಗೆ ಆ ಸ್ವಿಚ್ಚನ್ನು ಯಾರೂ ಮುಟ್ಟಬಾರದು. ಹಮೀದನೂ ಕಟ್ಟಿ ಹೋದ. ದೊಡ್ಡ ಕಾರ್ಖಾನೆಗಳಲ್ಲಿ ಬೀಗ ಹಾಕುತ್ತಾರೆ, ಇವರದು ಬಟ್ಟೆ ತುಂಡು ಎಂದು ಮನಸ್ಸಿನಲ್ಲೇ ಹಗುರವಾಗಿ ನಕ್ಕೆ. ಅಂಥ ಬೀಗ ನನ್ನ ಚೀಲದಲ್ಲೇ ಇತ್ತು. ತೆಗೆದು ಹಾಕುವ ತಾಳ್ಮೆ ನನಗಿರಲಿಲ್ಲ.

ಪ್ಯಾನೆಲು ಇದ್ದದ್ದು ಕಟ್ಟೆಯಿಂದ ಮೂವತ್ತು ಹೆಜ್ಜೆ ದೂರದ ಒಂದು ಕೋಣೆಯಲ್ಲಿ. ಅಲ್ಲಿಂದ ಗೇಟು ಕಾಣುವುದಿಲ್ಲ. ಹೊಂಡದ ಒಸರು ನೀರು ತೆಗೆಯಲು ಡೀಸೆಲ್ ಪಂಪು ಬೇರೆ ಕಿವಿ ಕಿತ್ತುಹೋಗುವ ಹಾಗೆ ಹೊಡೆದುಕೊಳ್ಳುತ್ತಿತ್ತು. ಎನ್‌ಕೋಡರನ್ನು ಡ್ರಮ್ಮಿಗೆ ಕೂರಿಸುವ ಪಟ್ಟಿಗೆ ಇನ್ನೂ ತೂತು ಕೊರೆದಿರಲಿಲ್ಲ. ಆದ್ದರಿಂದ ಅದನ್ನು ಮೇಜಿನ ಮೇಲೆ ಇಟ್ಟುಕೊಂಡೇ ನಾನು ಕೆಲಸ ಶುರು ಮಾಡಿದೆ. ಕೇಬಲು ಜೋಡಿಸಿದೆ. ಶಾಫ್ಟಿನ ಒಂದು ಸುತ್ತಿಗೆ ಎಷ್ಟು ಭಾಗ, ಒಟ್ಟು ಎಷ್ಟು ಸುತ್ತು, ಯಾವ ಕಡೆ ತಿರುಗಿದರೆ ಅಂಕಿ ಏರಬೇಕು, ಎಲ್ಲ ತುಂಬಿಸಿದೆ. ಶಾಫ್ಟನ್ನು ಬೆರಳಲ್ಲಿ ತಿರುಗಿಸಿದರೆ ಅಂಕಿ ಏರುತ್ತಿತ್ತು, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಆಗ ಗೇಟು ನೆಲದಿಂದ ಒಂದು ಸಾವಿರದ ನಾನೂರ ಐವತ್ತು ಮಿಲಿಮೀಟರ್ ಮೇಲೆ ನಿಂತಿತ್ತು. ಸರಿ, ಈಗಿನ ಜಾಗ ಇದು ಎಂದು ಅದಕ್ಕೆ ಕಲಿಸಿ ಉಳಿಸಿದೆ. ಪರದೆಯಲ್ಲಿ 1450 ಎಂದು ಬಂದು ಕೂತಿತು. ಒಂದು ಗಂಟೆ ಹಾಗೇ ಇತ್ತು.

ಹನ್ನೊಂದೂಕಾಲಿಗೆ ಮೋನಪ್ಪಣ್ಣ ಕೋಣೆಯ ಬಾಗಿಲಿಗೆ ಬಂದರು.

“ಹಮೀದ್ ಗೇಟು ಪೂರ್ತಿ ಎತ್ತಬೇಕು ಅಂತಾನೆ ಮೇಡಂ. ಬಗ್ಗಿ ಬಗ್ಗಿ ಬೆನ್ನು ಹೋಯ್ತಂತೆ. ಜುಮಾ ನಮಾಜಿಗೆ ಮೊದಲು ಮುಗಿಸಬೇಕಂತೆ.”

“ಎತ್ತಿ ಮತ್ತೆ,” ಎಂದೆ.

“ಅವನು ಮೇಲೆ ಬರಲಿ. ಆಮೇಲೆ ಎತ್ತುವ.”

ಹಮೀದ್ ಕೆಳಗಿನಿಂದಲೇ ಕೂಗಿದ. ಪಂಪಿನ ಸದ್ದಿನಲ್ಲಿ ಅರ್ಧ ಕೇಳಿಸಿತು. ಹತ್ತಿ ಇಳಿಯುವುದಕ್ಕೇ ಹತ್ತು ನಿಮಿಷ ಬೇಕು, ಬೈರಾಸು ನೀವೇ ಬಿಚ್ಚಿ, ಪರವಾಗಿಲ್ಲ ಎಂದನಂತೆ. ನನಗೂ ಸಿಟ್ಟು ಬಂದಿತ್ತು. ಆ ದಿನವೇ ಕೆಲಸ ಮುಗಿಸಿ ಹೊತ್ತು ಮುಳುಗುವ ಮೊದಲು ಮನೆ ಸೇರಬೇಕಿತ್ತು. “ಮೇಲೆ ಹೋಗುವ ಗೇಟಿನಿಂದ ಯಾರಿಗೆ ಎಂಥ ಅಪಾಯ ಮೋನಪ್ಪಣ್ಣ? ಇದಕ್ಕೂ ಮುಹೂರ್ತ ನೋಡಬೇಕಾ?” ಎಂದುಬಿಟ್ಟೆ. ಈ ಮಾತಿಗೆ ನನಗೆ ಇವತ್ತಿಗೂ ನಾಚಿಕೆಯಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

ಬೈರಾಸು ಬಿಚ್ಚಿ ಮೇಜಿನ ಮೇಲೆ ಹಾಕಿದೆ. ಸ್ವಿಚ್ಚು ತಿರುಗಿಸಿದೆ. ಗೇಟು ಮೇಲೇರಿಸುವ ಹಸಿರು ಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು, ಗೇಟು ತಾನಾಗಿಯೇ ತುದಿಯವರೆಗೆ ಏರಿ ನಿಲ್ಲುತ್ತದೆ. ಬೆರಳು ಗುಂಡಿಯ ಮೇಲಿತ್ತು. ಒತ್ತುವ ಮೊದಲು ಅಭ್ಯಾಸಬಲದಿಂದ ಲ್ಯಾಪ್‌ಟಾಪಿನ ಕಡೆ ನೋಡಿದೆ.

1447 ಎಂದಿತ್ತು. ನೋಡುತ್ತಿದ್ದಂತೆ 1446 ಆಯಿತು. 1445.

ಮೊದಲು ನನಗಾದದ್ದು ಹೆದರಿಕೆಯಲ್ಲ, ಕಿರಿಕಿರಿ. ಮೇಜು ಅದುರಿ ಶಾಫ್ಟು ತಿರುಗುತ್ತಿದೆ ಎಂದುಕೊಂಡು ಗುಂಡಿಯಿಂದ ಕೈ ತೆಗೆದು ಶಾಫ್ಟನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದೆ. ಅದು ತಣ್ಣಗೆ, ಅಲುಗಾಡದೆ ಇತ್ತು. ಅಂಕಿ ಇಳಿಯುತ್ತಲೇ ಇತ್ತು. ಹತ್ತಿರದ ಮೋಟಾರು ತಂತಿಗಳಿಂದ ಕೇಬಲಿಗೆ ಗಲಿಬಿಲಿ ಆಗುವುದುಂಟು. ಆದರೆ ಅದಕ್ಕೊಂದು ಲಕ್ಷಣವಿದೆ. ಅಂಕಿ ಕುಪ್ಪಳಿಸುತ್ತದೆ, ಹಿಂದೆ ಮುಂದೆ ಹಾರುತ್ತದೆ. ಇದು ಹಾಗಿರಲಿಲ್ಲ. ಒಂದನ್ನೂ ಬಿಡದೆ, ಒಂದೇ ವೇಗದಲ್ಲಿ, ಸೆಕೆಂಡಿಗೆ ಐದರಂತೆ ಇಳಿಯುತ್ತಿತ್ತು. ಸೆಕೆಂಡಿಗೆ ಐದು ಮಿಲಿಮೀಟರ್ ಎಂದರೆ ಆ ಗೇಟಿನ ಮೋಟಾರು ಗೇಟನ್ನು ಇಳಿಸುವ ವೇಗ. ಬೆಳಿಗ್ಗೆ ಮೋಟಾರಿನ ಮೇಲಿನ ತಗಡು ಓದಿ ನಾನೇ ಆ ಲೆಕ್ಕ ಬರೆದುಕೊಂಡಿದ್ದೆ.

ಮೋನಪ್ಪಣ್ಣನನ್ನು ತಳ್ಳಿಕೊಂಡೇ ಹೊರಗೆ ಓಡಿದೆ. ಕಟ್ಟೆಯ ಅಂಚಿಗೆ ಹೋಗಿ ನೋಡಿದರೆ ಗೇಟು ಇದ್ದಲ್ಲೇ ಇತ್ತು. ಹಗ್ಗ ಬಿಗಿಯಾಗಿತ್ತು, ಡ್ರಮ್ಮು ನಿಂತಿತ್ತು. ಕೆಳಗೆ ಹಮೀದ್ ಗೇಟಿನಡಿ ಮಗ್ಗುಲಾಗಿ ಮಲಗಿ, ಒಂದು ಕಾಲನ್ನು ಗೇಟು ಓಡಾಡುವ ಗೋಡೆಯ ಸಂದಿಗೆ ಕೊಟ್ಟು, ರಬ್ಬರು ಕೆರೆಯುತ್ತಿದ್ದ. ನನ್ನನ್ನು ನೋಡಿ ಕೈ ಮೇಲೆತ್ತಿ ‘ಎತ್ತಿ, ಎತ್ತಿ’ ಎಂದು ಸನ್ನೆ ಮಾಡಿದ. ಗೇಟು ಗಟ್ಟಿಯಾಗಿದೆ ಎಂದು ಸಮಾಧಾನ ಮಾಡಿಕೊಂಡು ಒಳಗೆ ಬಂದೆ. ಪರದೆಯಲ್ಲಿ 1190 ಇತ್ತು.

ಆಮೇಲೆ ನಾನು ಮಾಡಿದ್ದು ಯಾರಾದರೂ ಮಾಡುವಂಥದ್ದೇ. ಎನ್‌ಕೋಡರಿನ ಕೇಬಲನ್ನೇ ಕಿತ್ತು ಹಾಕಿದೆ. ಮಾಡ್ಯೂಲಿನ ಮೇಲೆ ಕೆಂಪು ದೀಪ ಬಂತು. ತಂತಿ ಇಲ್ಲ, ನನಗೇನೂ ಕಾಣಿಸುತ್ತಿಲ್ಲ ಎಂಬುದು ಆ ದೀಪದ ಅರ್ಥ. ಅದು ಸರಿಯಾಗಿಯೇ ಬಂತು. ಅಂಕಿ ಅಲ್ಲಿಗೆ ನಿಲ್ಲಬೇಕು. ನಿಲ್ಲಲಿಲ್ಲ. ಕಿತ್ತ ಕೇಬಲು ನನ್ನ ಕೈಯಲ್ಲಿತ್ತು, ಪರದೆಯಲ್ಲಿ 1020, 1019, 1018 ಎಂದು ಅದೇ ನಿಧಾನದಲ್ಲಿ ಇಳಿಯುತ್ತಿತ್ತು. ನನ್ನ ಪ್ರೋಗ್ರಾಮಿನಲ್ಲಿ ಅಂಕಿಯನ್ನು ಕಡಿಮೆ ಮಾಡುವ ಒಂದೇ ಒಂದು ಸಾಲು ಇರಲಿಲ್ಲ. ಆಮೇಲೆ ನನಗಿಂತ ಹೆಚ್ಚು ಬಲ್ಲ ಇಬ್ಬರಿಗೆ ಅದನ್ನು ತೋರಿಸಿದ್ದೇನೆ, ಅವರಿಗೂ ಸಿಕ್ಕಿಲ್ಲ.

ಲ್ಯಾಪ್‌ಟಾಪು ಮುಚ್ಚಿಬಿಡೋಣ ಎನಿಸಿತು. ಮುಚ್ಚಲು ಧೈರ್ಯ ಬರಲಿಲ್ಲ. ಮುಚ್ಚಿದರೂ ಒಳಗೆ ಅದು ಇಳಿಯುತ್ತಲೇ ಇರುತ್ತದೆ ಎಂಬ ಹುಚ್ಚು ಯೋಚನೆ ಬಂತು.

ಮೋನಪ್ಪಣ್ಣ ಯಾವಾಗ ನನ್ನ ಹಿಂದೆ ಬಂದು ನಿಂತರೋ ತಿಳಿಯದು. “ಇದು ಎಂಥದು ಮೇಡಂ, ಗೇಟು ಇಳೀತಾ ಉಂಟಾ?” ಎಂದು ಕೇಳಿದರು.

“ಇಲ್ಲ, ಗೇಟು ಅಲ್ಲೇ ಇದೆ. ನಾನೇ ನೋಡಿ ಬಂದೆ.”

“ಮತ್ತೆ ಇದು ಯಾವ ಗೇಟು?”

ಇಬ್ಬರೂ ನೋಡುತ್ತ ನಿಂತೆವು. ಹೊರಗೆ ಹಮೀದ್ ಕೂಗುತ್ತಿದ್ದ. ಎಂಟುನೂರು, ಏಳುನೂರು, ಐನೂರು. ಒಂದು ನಿಮಿಷ ಇಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನೂರು ದಾಟಿತು. ಕೊನೆಗೆ 381ಕ್ಕೆ ಬಂದು ನಿಂತಿತು. ಮತ್ತೆ ಅಲುಗಲಿಲ್ಲ.

“ಇದು ಅಡಿಯಲ್ಲಿ ಎಷ್ಟಾಯ್ತು?” ಎಂದು ಮೋನಪ್ಪಣ್ಣ ಕೇಳಿದರು.

ಮನಸ್ಸಿನಲ್ಲೇ ಭಾಗಿಸಿದೆ. “ಸರಿಯಾಗಿ ಒಂದೂಕಾಲು ಅಡಿ.”

ಅವರು ಮೇಜಿನ ಅಂಚು ಹಿಡಿದುಕೊಂಡರು. “ಅವನನ್ನು ಮೇಲೆ ಕರೀರಿ,” ಎಂದರು. “ನಿಮ್ಮ ಕಾಲು ಹಿಡೀತೇನೆ ಮೇಡಂ, ಈಗಲೇ ಕರೀರಿ.”

ಯಾಕೆ ಎಂದು ನಾನು ಕೇಳಲಿಲ್ಲ. ಓಡಿಹೋಗಿ ಹಮೀದನಿಗೆ ಮೇಲೆ ಬರಲು ಹೇಳಿದೆ. “ಹತ್ತು ನಿಮಿಷದ ಕೆಲಸ ಉಂಟು ಮಾರಾಯ್ರೆ, ನೀವು ಗೇಟೊಂದು ಎತ್ತಿ” ಎಂದು ಅವನು ನಕ್ಕ. ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ. ನಗು ನಿಲ್ಲಿಸಿ, ಸಂದಿಯಿಂದ ಕಾಲು ತೆಗೆದು, ಏಣಿ ಹತ್ತಿ ಬಂದ. ಹಾವೋ ಗೀವೋ ಕಂಡಿತೇ ಎಂದು ಕೇಳಿದ.

ಅವನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಒಳಗೆ ಬಂದೆ. “ಈಗ ಒತ್ತಿ,” ಎಂದು ಮೋನಪ್ಪಣ್ಣ ಹೇಳಿ ಹೊರಗೆ ಗೇಟಿನ ಬಳಿ ಹೋಗಿ ನಿಂತರು. ನಾನು ಹಸಿರು ಗುಂಡಿ ಒತ್ತಿದೆ, ಮೇಲೇರಿಸುವ ಗುಂಡಿ. ಮೋಟಾರು ಗುಂಯ್ ಎಂದಿತು. ಹೊರಗೆ ಇಬ್ಬರೂ ಒಟ್ಟಿಗೆ ಕೂಗಿದರು. ಕೆಂಪು ಗುಂಡಿ ಒತ್ತಿ ನಿಲ್ಲಿಸಿ ಹೊರಗೆ ಬಂದೆ. ಗೇಟು ಎರಡು ಬೆರಳು ಕೆಳಗೆ ಬಂದಿತ್ತು.

ಬೆಳಿಗ್ಗೆ ಹೋಟೆಲಿನಲ್ಲಿ ನನಗೆ ಹೊಳೆಯಬೇಕಿದ್ದದ್ದು ಇದು. ಮೂರು ಫೇಸಿನ ಲೈನು ತುಂಡಾಗಿ ಮತ್ತೆ ಜೋಡಿಸುವಾಗ ಎರಡು ತಂತಿ ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ಮಳೆ ರಾತ್ರಿಯಲ್ಲಿ ಕೆಲಸ ಮಾಡುವ ಯಾರಿಂದಲೂ ಆಗಬಹುದಾದದ್ದು. ತೋಟಕ್ಕೆ ಪಂಪಿಟ್ಟವರಿಗೆಲ್ಲ ಇದು ಗೊತ್ತು. ಲೈನು ಬಂದ ಮೇಲೆ ಮೊದಲು ಒಂದು ಕ್ಷಣ ಓಡಿಸಿ, ಯಾವ ಕಡೆ ತಿರುಗುತ್ತದೆ ಎಂದು ನೋಡಿಯೇ ಮುಂದುವರಿಯುತ್ತಾರೆ. ಅಲ್ಲಿದ್ದ ನೀರೆತ್ತುವ ಪಂಪು ಡೀಸೆಲಿನದ್ದಾದ್ದರಿಂದ ಅದರಲ್ಲೂ ಸುಳಿವು ಸಿಗಲಿಲ್ಲ. ಮೋನಪ್ಪಣ್ಣನಿಗೆ ಲೈನು ಹೋಗಿದ್ದೇ ಗೊತ್ತಿರಲಿಲ್ಲ, ಅವರು ಬಂದದ್ದು ಒಂಬತ್ತಕ್ಕೆ. ಗೊತ್ತಿದ್ದವಳು ನಾನೊಬ್ಬಳೇ. ಇನ್ನೂ ಒಂದಿದೆ. ಹಾಗೆ ಉಲ್ಟಾ ಓಡುವಾಗ ಗೇಟನ್ನು ಕೆಳಗೆ ತಡೆದು ನಿಲ್ಲಿಸುವ ಸ್ವಿಚ್ಚು ಕೆಲಸ ಮಾಡುವುದಿಲ್ಲ, ಅದು ತಡೆಯುವುದು ಇಳಿಸುವ ಗುಂಡಿಯಿಂದ ಆದ ಓಟವನ್ನು ಮಾತ್ರ. ಗುಂಡಿ ಒತ್ತಿ ನಾನು ಲ್ಯಾಪ್‌ಟಾಪಿನ ಕಡೆ ತಿರುಗಿ ಕೂರುತ್ತಿದ್ದೆ. ಗೇಟು ಇಳಿಯುತ್ತಿತ್ತು. ಪಂಪಿನ ಸದ್ದಿನಲ್ಲಿ ಹಮೀದನ ಕೂಗು ‘ಇನ್ನೂ ಎತ್ತಿ’ ಎಂದೇ ನನಗೆ ಕೇಳುತ್ತಿತ್ತು.

ಹಮೀದ್ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ. ಆಮೇಲೆ ಎದ್ದು, ಕೈಕಾಲು ತೊಳೆದು, ನಮಾಜಿಗೆ ಹೋದ.

ಅವನು ಹೋದ ಮೇಲೆ ಮೋನಪ್ಪಣ್ಣ ತುಳುವಿನಲ್ಲಿ ಮಾತಾಡಿದರು. ನನ್ನ ಜೊತೆ ಅವರು ತುಳು ಆಡಿದ್ದು ಅದೊಂದೇ ಸಲ. ಲಿಂಗಪ್ಪ ಸತ್ತ ದಿನ ಬ್ರೇಕು ಜಾರಿರಲಿಲ್ಲವಂತೆ. ಆಗಲೂ ಹಿಂದಿನ ದಿನ ಲೈನು ಹೋಗಿ ಬಂದಿತ್ತು. ಭಾವ ಕೆಳಗಿನಿಂದ ಗೇಟು ಎತ್ತಲು ಹೇಳಿದರು, ಇವರು ಹಸಿರು ಗುಂಡಿ ಒತ್ತಿದರು, ಒತ್ತಿ ಬಾಗಿಲಲ್ಲಿ ಕುಳಿತು ಬೀಡಿ ಹಚ್ಚಿದರು. ಮೋಟಾರಿನ ಸದ್ದು ಭಾರವಾದಾಗ ಓಡಿಹೋಗಿ ನೋಡಿದರೆ ಮುಗಿದಿತ್ತು. ಕಾಲು ಸಂದಿಯಲ್ಲಿ ಸಿಕ್ಕಿತ್ತಂತೆ. ಗೇಟು ಒಂದೂಕಾಲು ಅಡಿಯಲ್ಲಿ ನಿಂತಿತ್ತು ಎಂದು ಪೊಲೀಸರು ಟೇಪು ಹಿಡಿದು ಬರೆದುಕೊಂಡಿದ್ದರು. ತಂತಿ ಅದಲುಬದಲಾದದ್ದು ಆ ಸಂಜೆ ಇವರಿಗೆ ತಿಳಿಯಿತು. ತಾವೇ ಸರಿಮಾಡಿ ಬಾಯಿ ಮುಚ್ಚಿಕೊಂಡರು. ಬ್ರೇಕು ಎಂದು ಯಾರೋ ಅಂದದ್ದನ್ನು ಹೌದೆಂದರು. ಗಿರಿಜಕ್ಕ ವಿಧವೆಯಾಗಿ ಇವರ ಮನೆಗೇ ಬಂದರು, ಇವತ್ತಿಗೂ ಇವರಿಗೆ ಬಡಿಸುತ್ತಿದ್ದಾರೆ.

ಇಷ್ಟು ಹೇಳಿ ಅವರು ಅಳಲಿಲ್ಲ. ಪರದೆಯ ಮೇಲೆ ನಿಂತಿದ್ದ ಆ ಮೂರು ಅಂಕಿಗಳನ್ನೇ ನೋಡುತ್ತಿದ್ದರು. ನಾನು ಕೇಬಲನ್ನು ಮತ್ತೆ ಸಿಕ್ಕಿಸಿದೆ. ಕೆಂಪು ದೀಪ ಆರಿತು, 1450 ಎಂದು ಬಂತು.

ಎನ್‌ಕೋಡರನ್ನೂ ಮಾಡ್ಯೂಲನ್ನೂ ಮೂಡುಬಿದಿರೆಯ ಮನೆಗೆ ತಂದು ಒಂದು ವಾರ ಹಗಲೂ ರಾತ್ರಿ ಓಡಿಸಿ ಇಟ್ಟೆ. ಒಂದು ಅಂಕಿಯೂ ಅಲುಗಲಿಲ್ಲ. ತಯಾರಕರ ಕಡೆಯ ಒಬ್ಬರಿಗೆ ಫೋನಿನಲ್ಲಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಅರ್ತಿಂಗ್ ಸರಿಯಿದೆಯೇ ನೋಡಿ ಮೇಡಂ ಎಂದರು. ಕೊನೆಗೆ ಅದನ್ನೇ ಗೇಟಿಗೆ ಕೂರಿಸಿದೆ, ತಂತಿ ಅದಲುಬದಲಾದರೆ ಮೋಟಾರು ಓಡದಂತೆ ತಡೆಯುವ ರಿಲೇಯನ್ನೂ ಹಾಕಿದೆ. ಎಂಟು ವರ್ಷಗಳಿಂದ ಅದು ಒಂದು ಮಿಲಿಮೀಟರ್ ಸುಳ್ಳು ಹೇಳಿಲ್ಲ. ಹಮೀದನಿಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಮೇಡಂ ಒಳ್ಳೆ ಮಿಷನು ತಂದಿದ್ದರು, ಅದು ಮೊದಲೇ ತೋರಿಸಿತು, ನಾನು ಬಚಾವಾದೆ ಎಂದು ಕಕ್ಕಿಂಜೆಯಲ್ಲೆಲ್ಲ ಹೇಳಿದ್ದಾನೆ. ಅವನ ಮಾತು ಕೇಳಿ ಇಬ್ಬರು ನನಗೆ ಫೋನು ಮಾಡಿ, ಅಂಥದ್ದೇ ನಮಗೂ ಬೇಕು ಎಂದಿದ್ದಾರೆ.

ನಾನು ಮಾತ್ರ ಈಗಲೂ ಯಾವ ಗುಂಡಿಯ ಮೇಲೆ ಬೆರಳಿಟ್ಟರೂ ಒಂದು ಕ್ಷಣ ಹೆದರುತ್ತೇನೆ. ಪರದೆಯ ಮೇಲಿನ ಅಂಕಿಗಿಂತ ನನ್ನ ಬೆರಳಿಗೇ ಹೆಚ್ಚು ಹೆದರಿಕೆ. ಅದು ಒತ್ತಲು ಎಷ್ಟು ತಯಾರಾಗಿತ್ತು ಎಂಬುದು ನನಗೆ ಗೊತ್ತು.

ಮೋನಪ್ಪಣ್ಣ ಕೆಲಸ ಬಿಟ್ಟು ಈಗ ಬೆಳ್ತಂಗಡಿಯ ಹತ್ತಿರದ ಮನೆಯಲ್ಲಿದ್ದಾರೆ. ಆ ಕಡೆ ಹೋದಾಗಲೆಲ್ಲ ನೋಡಿ ಬರುತ್ತೇನೆ. ತಂಗಿಗೆ ಹೇಳಿದಿರಾ ಎಂದು ನಾನು ಕೇಳಿಲ್ಲ. ಆದರೆ ಗಿರಿಜಕ್ಕ ಒಳಗೆ ಹೋದ ಕೂಡಲೇ ಅವರು ಪ್ರತಿ ಸಲವೂ ನನ್ನ ಕಡೆ ಬಾಗಿ ಅದೇ ಪ್ರಶ್ನೆ ಕೇಳುತ್ತಾರೆ. ಅದು ಎಂಥದು ಮೇಡಂ? ಯಾರೋ ತೋರಿಸಿದ್ದಾ? ಹಾಗಾದರೆ ನನಗೆ ಯಾಕೆ ತೋರಿಸಲಿಲ್ಲ? ಕಳೆದ ತಿಂಗಳು ಹೋದಾಗ ಅವರು ತೀರಾ ಸೊರಗಿದ್ದರು. ಅದೇ ಪ್ರಶ್ನೆ ಬಂತು. ಅವರ ಮುಖ ನೋಡಲಾಗದೆ ನಾನು ಸುಳ್ಳು ಹೇಳಿದೆ.

“ಎಂಥದೂ ಅಲ್ಲ ಮೋನಪ್ಪಣ್ಣ. ಕೇಬಲು ಹಾಳಾಗಿತ್ತು, ಅಷ್ಟೇ.”

ಆ ಕೇಬಲನ್ನು ನಾನು ಕಿತ್ತದ್ದನ್ನು ಅವರು ನೋಡಿದ್ದರೋ ಇಲ್ಲವೋ ನನಗೆ ತಿಳಿಯದು. ಅವರು ಅಂಗಳದ ಕಡೆ ತಿರುಗಿದರು. ಆಮೇಲೆ, “ಹಾಗಾದರೆ ಆ ದಿನವೂ ಒಂದು ಕೇಬಲು ಹಾಳಾಗಬಹುದಿತ್ತಲ್ಲ ಮೇಡಂ,” ಎಂದರು.

ಗಿರಿಜಕ್ಕ ಚಾ ತಂದವರು ಬಾಗಿಲಲ್ಲೇ ನಿಂತು, “ಎಂಥ ಹಾಳಾದದ್ದು ಅಣ್ಣ?” ಎಂದು ಕೇಳಿದರು. ನಾನು ಎದ್ದು ಅವರ ಕೈಯಿಂದ ಚಾ ತೆಗೆದುಕೊಂಡೆ.